ಮಡಚಿದ ಮೂಲೆ

ಮಾಸ್ತರೇ,

ಹೀಗೆ ಕರೆದಾಗಲೆಲ್ಲ ನೀವು ರೇಗಿಸುತ್ತಿದ್ದಿರಿ. "ನಮ್ಮ ಮೈಸೂರಲ್ಲಿ ಮೇಷ್ಟ್ರು ಅಂತೀವಯ್ಯಾ ನಜೀರ. ನೀನು ಮಾಸ್ತರ್ ಅಂದ್ರೆ ನಾನು ಪ್ಯಾಂಟು ಹೊಲಿದುಕೊಡ್ಬೇಕೇನೋ ಅನ್ಸುತ್ತೆ." ಗದಗಿನ ನನ್ನ ನಾಲಿಗೆ ಕಡೆಗೂ ತಿರುಗಲಿಲ್ಲ, ನೀವೂ ಓಗೊಡುವುದನ್ನು ಬಿಡಲಿಲ್ಲ. ನೀವು ಹೋಗಿ ಎಂಟು ತಿಂಗಳಾಯಿತು. ಈ ಕಾಗದವನ್ನು ಮೂರು ಸಲ ಶುರುಮಾಡಿ ಮೂರು ಸಲವೂ ಹರಿದು ಹಾಕಿದ್ದೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ಇದನ್ನೂ ಹರಿಯಬೇಕಾಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನೀವು ಕೆಂಪು ಪಟ್ಟಿ ಅಂಟಿಸಿ ಇಟ್ಟಿದ್ದ ಫಿಲ್ಮ್ ಹಾಳಾಯಿತು. ಅದರೊಳಗಿದ್ದ ನಿಮ್ಮ ಮನೆಯವರ, ನಮ್ಮ ಕಮಲಕ್ಕನ ಮುಖ ಹೋಯಿತು. ಹಾಳು ಮಾಡಿದವನು ನಾನು. ಆದರೆ ಕಮಲಕ್ಕ ಹಾಗೆ ತಿಳಿದಿಲ್ಲ.

ಬ್ರಿಕ್‌ಫೀಲ್ಡ್ಸಿನ ಆ ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಚಹಾದಂಗಡಿಯಲ್ಲಿ, ನಿಮ್ಮನ್ನು ಮೊದಲು ಕಂಡದ್ದು ನೆನಪಿದೆಯೇ? ಚಹಾದ ಲೋಟ ಮುಂದಿಟ್ಟುಕೊಂಡು, "ಸಕ್ಕರೆ ಕಮ್ಮಿ ಅಂದ್ರೆ ಪಾಯಸ ಮಾಡಿ ತಂದಿದಾನೆ ಬಡ್ಡೀಮಗ" ಎಂದು ನಿಮ್ಮಷ್ಟಕ್ಕೆ ನೀವೇ ಗೊಣಗುತ್ತಿದ್ದಿರಿ. ಹಿಂದಿನ ಮೇಜಿನಲ್ಲಿದ್ದ ನಾನು ನಕ್ಕೆ. ನೀವು ತಿರುಗಿ ನೋಡಿದಿರಿ, ನಾಚಿಕೊಳ್ಳಲಿಲ್ಲ, ಎದುರಿನ ಕುರ್ಚಿ ತೋರಿಸಿದಿರಿ. ರಬ್ಬರ್ ಎಸ್ಟೇಟುಗಳ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಬಂದ ತಂಡದಲ್ಲಿ ಸಹಾಯಕ ಕ್ಯಾಮೆರಾಮನ್ ಆಗಿ ಎರಡು ತಿಂಗಳಿಗೆಂದು ಈ ದೇಶಕ್ಕೆ ಬಂದಿದ್ದಿರಂತೆ. ಪೆಟಾಲಿಂಗ್ ಜಯಾದ ಒಂದು ಫಿಲ್ಮ್ ಲ್ಯಾಬಿನಲ್ಲಿ ಕಪ್ಪು-ಬಿಳುಪು ತೊಳೆಯಲು ಜನ ಬೇಕೆಂದರು, ನಿಂತುಬಿಟ್ಟಿರಿ. ಆ ಲ್ಯಾಬಿದ್ದ ಕಟ್ಟಡ ನನ್ನ ಕಾರ್ಖಾನೆಯಿಂದ ಎರಡೇ ಬೀದಿ ಆಚೆ. ಈಗ ಅಲ್ಲಿ ನೆಲದ ಟೈಲ್ಸ್ ಮಾರುತ್ತಾರೆ. ದಿನವೂ ಅದರ ಮುಂದೆಯೇ ಕಾರು ಓಡಿಸಿಕೊಂಡು ಹೋಗುತ್ತಿದ್ದವನಿಗೆ ಅಲ್ಲಿ ಏನಿತ್ತು ಎಂಬುದು ಆ ದಿನದ ತನಕ ಗೊತ್ತಿರಲಿಲ್ಲ.

ಭಾನುವಾರ ಭಾನುವಾರ ಮನೆಗೆ ಬಾ, ಫಿಲ್ಮಿನ ಕೆಲಸ ಕಲಿಸುತ್ತೇನೆ ಎಂದಿರಿ. ಮೊದಲ ಭಾನುವಾರದ ಪಾಠಕ್ಕೆ ನಾನು ಕ್ಯಾಮೆರಾ ಮುಟ್ಟಲು ಸಿಗುತ್ತದೆಂದು ಬಂದೆ. ನೀವು ನನ್ನ ಕೈಗೆ ಒಂದು ಕಪ್ಪು ಚೀಲ ಕೊಟ್ಟಿರಿ. ಎರಡು ತೋಳಿದ್ದ, ಅಂಗಿಯಂಥ ಚೀಲ. ಬೆಳಕು ಒಳಗೆ ನುಸುಳಬಾರದು. ತೋಳುಗಳೊಳಗೆ ಕೈ ತೂರಿಸಿ, ಕಾಣದ ಡಬ್ಬಿ ತೆರೆದು, ಕಾಣದ ಫಿಲ್ಮನ್ನು ಕಾಣದ ಮ್ಯಾಗಜೀನಿಗೆ, ಅಂದರೆ ಕ್ಯಾಮೆರಾದ ಫಿಲ್ಮ್ ಪೆಟ್ಟಿಗೆಗೆ, ಏರಿಸಬೇಕು. ನಾಲ್ಕು ತಿಂಗಳು ಅದನ್ನೇ ಮಾಡಿಸಿದಿರಿ, ಕೆಲಸಕ್ಕೆ ಬಾರದ ಹಳೆಯ ಫಿಲ್ಮ್ ಹಾಕಿ. ನಾನು ಒಳಗೆ ಕೈಯಾಡಿಸುವಾಗ ಕಣ್ಣು ಮುಚ್ಚಿದರೆ ತಲೆಗೆ ಮೊಟಕುತ್ತಿದ್ದಿರಿ. "ಕಣ್ಣು ಮುಚ್ಚಿ ಏನು ಧ್ಯಾನ ಮಾಡ್ತೀಯಾ? ಬೆರಳು ಏನು ಹೇಳ್ತಾ ಇದೆ ಅದನ್ನ ಕೇಳು." ಆಗಲೇ ಹೇಳಿಕೊಟ್ಟದ್ದು ಮಡಿಕೆಯ ವಿಷಯ. ಚಿತ್ರ ಹಿಡಿದು ಮುಗಿದ ಫಿಲ್ಮನ್ನು ಡಬ್ಬಿಗೆ ಹಾಕುವ ಮುನ್ನ ಅದರ ತುದಿಯ ಮೂಲೆಯನ್ನು ಮಡಚಬೇಕು. ಡಬ್ಬಿಯ ಮೇಲೆ ಖಾಲಿ ಫಿಲ್ಮಿಗೆ ಬಿಳಿ ಪಟ್ಟಿ, ತುಂಬಿದ್ದಕ್ಕೆ ಕೆಂಪು ಪಟ್ಟಿ. ಆದರೆ ಪಟ್ಟಿ ಕಿತ್ತುಹೋಗಬಹುದು, ಬರೆದದ್ದು ಅಳಿಸಬಹುದು. "ಮಡಿಕೆ ಸುಳ್ಳು ಹೇಳೋಲ್ಲ ಕಣಯ್ಯಾ. ಮೂಲೆ ಮಡಚಿದ್ರೆ ನಿಲ್ಲಿಸು. ಒಳಗಡೆ ಯಾರೋ ಇದಾರೆ ಅಂತ ಅರ್ಥ."

ಒಳಗಡೆ ಯಾರೋ ಇದ್ದಾರೆ. ಈ ಮಾತು ನನಗೆ ಈಗ ಊಟಕ್ಕೆ ಕೂತರೂ ಕೇಳುತ್ತದೆ, ಕಾರು ಓಡಿಸುವಾಗಲೂ ಕೇಳುತ್ತದೆ.

ನೀವು ಬಳಸುತ್ತಿದ್ದ ಕಪ್ಪು-ಬಿಳುಪು ಫಿಲ್ಮನ್ನು ಕಂಪನಿಯವರು ಇನ್ನು ತಯಾರಿಸುವುದಿಲ್ಲವೆಂಬ ಸುದ್ದಿ ಬಂದ ಬೆಳಿಗ್ಗೆ ಕಮಲಕ್ಕ ನನಗೆ ಫೋನ್ ಮಾಡಿದ್ದರು. "ಸ್ವಲ್ಪ ಬಂದು ಹೋಗಪ್ಪಾ. ತಿಂಡೀನೂ ತಿಂದಿಲ್ಲ, ಮಾತೂ ಆಡ್ತಿಲ್ಲ." ನಾನು ಬಂದಾಗ ನೀವು ಬನಿಯನ್ನಿನಲ್ಲಿ ಬಾಲ್ಕನಿಯಲ್ಲಿ ಕೂತು ಕೆಳಗೆ ಹೂವಿನಂಗಡಿಯವರು ನೀರು ಚಿಮುಕಿಸುವುದನ್ನು ನೋಡುತ್ತಿದ್ದಿರಿ. ಬೇರೆ ಕಪ್ಪು-ಬಿಳುಪು ಫಿಲ್ಮ್ ಇನ್ನೂ ಸಿಗುತ್ತದಲ್ಲ ಎಂದೆ, ದೊಡ್ಡ ಬುದ್ಧಿವಂತನ ಹಾಗೆ. ನೀವು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಸಿಗುತ್ತೆ. ಅದು ಬೇರೆ ಮನುಷ್ಯ. ನಮ್ಮ ಬಣ್ಣದೋರ ಮುಖಕ್ಕೆ ಇದರಷ್ಟು ಮರ್ಯಾದೆ ಕೊಟ್ಟ ಫಿಲ್ಮ್ ಇನ್ನೊಂದಿಲ್ಲ. ಎಸ್ಟೇಟಿನ ಹೆಂಗಸರು ಬಿಸಿಲಲ್ಲಿ ನಿಂತ್ರೂ ಅವರ ಕೆನ್ನೆ ಕೆನ್ನೆ ಥರಾನೇ ಇರ್ತಿತ್ತು." ಅಷ್ಟು ಹೇಳಿ ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಿರಿ. ದೋಸೆ ಹಿಟ್ಟಿನ ಪಾತ್ರೆಯ ಹಿಂದೆ ಎರಡು ಡಬ್ಬಿ ಉಳಿದಿದ್ದವು. ಒಂದೊಂದರಲ್ಲೂ ಇನ್ನೂರು ಅಡಿ, ಅಂದರೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು. ಜಗತ್ತಿನಲ್ಲಿ ನಿಮ್ಮ ಪಾಲಿಗೆ ಉಳಿದದ್ದು ಅಷ್ಟೇ.

ಆಮೇಲಿನ ಭಾನುವಾರಗಳಲ್ಲಿ ನೀವು ಕ್ಯಾಮೆರಾವನ್ನು ಖಾಲಿ ಓಡಿಸುತ್ತಿದ್ದಿರಿ. ಓಡಿಸದೆ ಇಟ್ಟರೆ ಅದರ ಗಾಲಿಗಳು ಹಿಡಿದುಕೊಳ್ಳುತ್ತವೆ ಎನ್ನುತ್ತಿದ್ದಿರಿ. ಕಮಲಕ್ಕ ಅಡುಗೆಮನೆಯ ಕಿಟಕಿಯ ಹತ್ತಿರ ಮಣೆಯ ಮೇಲೆ ಕೂತು ಅಲಸಂದೆ ಕಾಯಿ ಮುರಿಯುತ್ತಿದ್ದರೆ ನೀವು ಅವರ ಎದುರೇ ಕ್ಯಾಮೆರಾ ಇಟ್ಟು ಕರಕರ ಓಡಿಸುವುದು. ಅವರು ಬೈಯುವುದು. "ಊರೋರ ಮುಖ ಎಲ್ಲ ಹಿಡಿದ್ರಿ. ಕಟ್ಕೊಂಡೋಳ ಮುಂದೆ ಖಾಲಿ ಡಬ್ಬ ತಿರುಗಿಸ್ತೀರಿ. ನಾಚಿಕೆ ಆಗೋಲ್ವೇನ್ರೀ?" ಮದುವೆಯಾದ ಹೊಸತರಲ್ಲಿ ಒಮ್ಮೆ ಹಿಡಿಯಲು ಹೋದಾಗ ಅವರು ಸೆರಗು ಎಳೆದುಕೊಂಡು, ಉಸಿರು ಬಿಗಿಹಿಡಿದು, ಪಾಸ್‌ಪೋರ್ಟ್ ಫೋಟೋಗೆ ಕೂತವರಂತೆ ಕೂತರೆಂದು ನೀವೇ ಹೇಳಿದ್ದಿರಿ. ಅಂದಿನಿಂದ ನೀವು ಅವರ ಚಿತ್ರ ಹಿಡಿಯಲೇ ಇಲ್ಲ, ಅವರು ಆ ಮಾತು ಎತ್ತಿ ಆಡುವುದನ್ನೂ ಬಿಡಲಿಲ್ಲ. ನನಗೆ ಅದು ನಿಮ್ಮಿಬ್ಬರ ಆಟ ಎನಿಸುತ್ತಿತ್ತು. ಆ ಭಾನುವಾರಗಳಲ್ಲಿ ಒಂದು ದಿನ ಕ್ಯಾಮೆರಾ ಖಾಲಿ ಇರಲಿಲ್ಲ ಎಂದು ನನಗೂ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ನೀವು ನನ್ನನ್ನು ಹತ್ತಿರ ಕರೆದಾಗ ಕಮಲಕ್ಕ ಕೆಳಗೆ ಔಷಧಿ ತರಲು ಹೋಗಿದ್ದರು. "ಫ್ರಿಜ್ಜಲ್ಲಿ ಎರಡು ಡಬ್ಬಿ ಇದೆಯಲ್ಲ. ಬಿಳಿ ಪಟ್ಟೀದು ಖಾಲಿ, ಅದು ನಿನಗೆ. ಕೆಂಪು ಪಟ್ಟೀದನ್ನ ಎಲ್ಲಾದ್ರೂ ತೊಳೆಸಿ ಕಮಲಂಗೆ ತೋರಿಸು."

"ಏನೈತ್ರಿ ಅದರಾಗ?"

"ಅವಳೇ. ಎರಡು ನಿಮಿಷ ಪೂರ್ತಿ ಅವಳೇ. ಖಾಲಿ ಅಂತ ಸುಳ್ಳು ಹೇಳಿ ಹಿಡಿದಿದೀನಿ. ಈಗಲೇ ಬಾಯಿ ಬಿಡಬೇಡ." ನೀವು ನಕ್ಕಿರಿ, ಆಮೇಲೆ ಕೆಮ್ಮು ಬಂತು. ಅವರು ಬೈಯುತ್ತಾ ಬೈಯುತ್ತಾ ನಡುವೆ ಒಮ್ಮೆ ತಲೆಯೆತ್ತಿ ನಿಮ್ಮನ್ನು ನೋಡಿದರಂತೆ. ಆ ಒಂದು ನೋಟ ಸಿಕ್ಕಿದೆ, ಉಳಿದದ್ದೆಲ್ಲ ಹೋದರೂ ಪರವಾಗಿಲ್ಲ ಎಂದಿರಿ. ನಾನು ನಿಮ್ಮ ಕೈ ಹಿಡಿದು ಮಾತು ಕೊಟ್ಟೆ. ಮಾತು ಕೊಡುವುದು ಎಷ್ಟು ಸುಲಭ ನೋಡಿ...

ಹದಿಮೂರನೆಯ ದಿನ ಸೂತಕ ಕಳೆದು ಮನೆ ತೊಳೆದಾಗ ನಾನೂ ಇದ್ದೆ. ಕುರ್ಚಿ ಮಂಚ ಸರಿಸುವ ಕೆಲಸ ನನ್ನದು. ಕಮಲಕ್ಕ ಯಾರು ಬೇಡವೆಂದರೂ ಕೇಳದೆ ನೆಲದಿಂದ ಹಿಡಿದು ದೇವರ ಗೂಡಿನ ತನಕ ಒರೆಸಿದರು. ಫ್ರಿಜ್ಜನ್ನೂ ಬಿಡಲಿಲ್ಲ. ನಿಮ್ಮ ಎರಡು ಡಬ್ಬಿಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ. ವರ್ಷಗಟ್ಟಲೆ ತಣ್ಣಗಿದ್ದ ಪಟ್ಟಿಗಳು ಸುಲಿದು ಬಂದಿವೆ. ನಿಮ್ಮ ಕೈಬರಹ ಇದ್ದದ್ದರಿಂದ ಎಸೆಯಲು ಮನಸ್ಸಾಗದೆ ಮತ್ತೆ ಅಂಟಿಸಿಟ್ಟಿದ್ದಾರೆ. ಒಂದರದ್ದು ಇನ್ನೊಂದಕ್ಕೆ. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಒಂದು ತಿಂಗಳ ಮೇಲೆ ಬಂದು ಎರಡೂ ಡಬ್ಬಿ, ಕ್ಯಾಮೆರಾ, ಕಪ್ಪು ಚೀಲ ಕೇಳಿದಾಗ ಅವರು ಏನು ಏಕೆ ಎನ್ನದೆ ಕೊಟ್ಟರು. ಬಿಳಿ ಪಟ್ಟಿಯದನ್ನು ನಾನು ಓಡಿಸಿ ಮುಗಿಸಿದ ಮೇಲೆ ಎರಡನ್ನೂ ಒಟ್ಟಿಗೆ ತೊಳೆಯಲು ಕಳಿಸುವುದೆಂದು ಲೆಕ್ಕ ಹಾಕಿದ್ದೆ.

ನಾನು ಚಿತ್ರ ಹಿಡಿಯಲು ಹೋದ ಶನಿವಾರ ಎಲ್ಲೋ ಕಾಡು ಸುಟ್ಟು ವಾರದಿಂದ ಊರನ್ನೇ ಮುಸುಕಿದ್ದ ಹೊಗೆ ಸರಿದು ಆಕಾಶ ತಿಳಿಯಾಗಿತ್ತು. ನಮ್ಮ ಮನೆಯ ಹತ್ತಿರದ ಆಟದ ಅಂಗಳ ನಿಮಗೆ ಗೊತ್ತಲ್ಲ. ಮೇಲೆ ಮಳೆಮರದ ದಟ್ಟ ಕೊಂಬೆಗಳು, ಕೆಳಗೆ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಸಿಮೆಂಟಿನ ನೆಲ. ಮಗಳು ಜೋಯಾ ಅಲ್ಲಿ ಬ್ಯಾಡ್ಮಿಂಟನ್ ಆಡುವುದನ್ನು ಹಿಡಿಯಬೇಕೆಂದಿದ್ದೆ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಚೀಲದೊಳಗೆ ಕೈ ತೂರಿಸಿದೆ. ಡಬ್ಬಿ ತೆರೆದೆ. ಫಿಲ್ಮಿನ ತುದಿ ಬೆರಳಿಗೆ ಸಿಕ್ಕಿತು.

ಮೂಲೆ ಮಡಚಿತ್ತು ಮಾಸ್ತರೇ.

ಹೊರಗಿನಿಂದ ಜೋಯಾ ಗಾಜು ಬಡಿಯುತ್ತಿದ್ದಳು. "ಅಬ್ಬಾ, ಫಾಸ್ಟ್ ಲಾ! ದಿ ಸನ್ ಈಸ್ ಗೋಯಿಂಗ್!" ನನ್ನ ಬೆರಳು ನಿಂತಿತು. ಎಷ್ಟು ಹೊತ್ತು ನಿಂತಿತು? ಒಂದು ಉಸಿರು, ಎರಡು ಉಸಿರು. ಹಳೆಯ ಫಿಲ್ಮ್, ಫ್ರಿಜ್ಜಿನಲ್ಲಿದ್ದು ಮುರುಟಿರಬೇಕು ಎಂದುಕೊಂಡೆ. ಬಿಳಿ ಪಟ್ಟಿ ನಿಮ್ಮದೇ ಅಕ್ಷರ ಅಲ್ಲವೇ ಎಂದುಕೊಂಡೆ. ಬಿಸಿಲು ಹೋಗುತ್ತದೆ ಎಂದುಕೊಂಡೆ. ಮಡಚಿದ ಮೂಲೆ ಮ್ಯಾಗಜೀನಿನ ಸೀಳಿಗೆ ಹೋಗಲೊಲ್ಲದು, ಅದಕ್ಕೆ ಚೀಲದೊಳಗೇ ಕತ್ತರಿಯಿಂದ ಆ ತುದಿಯನ್ನು ಕತ್ತರಿಸಿ ಹಾಕಿದೆ. ನಾಲ್ಕು ತಿಂಗಳು ನೀವು ಕಲಿಸಿದ್ದನ್ನು ಒಂದು ಕತ್ತರಿಯ ಏಟಿಗೆ ಮುಗಿಸಿದೆ. ಆಮೇಲೆ ಇಳಿದು ಹೋಗಿ, ನಿಮ್ಮ ಮೆಚ್ಚಿನ ಶಿಷ್ಯನಂತೆ ಬೆಳಕು ಅಳೆದು, ಎರಡು ನಿಮಿಷ ಕ್ಯಾಮೆರಾ ಓಡಿಸಿದೆ. ಖುಷಿಯಾಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ, ಬಹಳ ಖುಷಿಯಾಗಿತ್ತು.

ಇಲ್ಲಿ ತೊಳೆಯುವವರು ಯಾರೂ ಉಳಿದಿಲ್ಲದ್ದರಿಂದ ಎರಡೂ ಡಬ್ಬಿಗಳನ್ನು ಪರದೇಶದ ಒಂದು ಲ್ಯಾಬಿಗೆ ಕೊರಿಯರ್ ಮಾಡಿದೆ. ಏಳು ವಾರದ ಮೇಲೆ ಕಂಪ್ಯೂಟರಿಗೆ ಚಿತ್ರ ಬಂತು, ಆಫೀಸಿನಲ್ಲಿ ಊಟದ ಹೊತ್ತಿಗೆ. ಕೆಂಪು ಪಟ್ಟಿಯದನ್ನು ಮೊದಲು ತೆರೆದೆ. ಏನೂ ಇರಲಿಲ್ಲ. ಎರಡು ನಿಮಿಷ ಪೂರ್ತಿ ಏನೂ ಇರಲಿಲ್ಲ. ಈ ಫಿಲ್ಮಿಗೆ ಬೆಳಕೇ ತಾಗಿಲ್ಲ ಎಂದು ಲ್ಯಾಬಿನವರು ಬರೆದಿದ್ದರು. ಎರಡನೆಯದನ್ನು ತೆರೆದೆ. ಜೋಯಾ ಕುಣಿಯುತ್ತಿದ್ದಾಳೆ, ಅವಳ ತಲೆಯ ಮೇಲೆ ಮಳೆಮರದ ಕತ್ತಲೆಯಲ್ಲಿ ಇನ್ನೇನೋ ಅಲುಗುತ್ತಿದೆ. ನಾನು ಲ್ಯಾಪ್‌ಟಾಪನ್ನು ಎತ್ತಿ ತಲೆಕೆಳಗು ಹಿಡಿದೆ. ಎರಡು ಕೈಗಳು. ಮುಗಿದ ಫಿಲ್ಮನ್ನು ತುದಿಯಿಂದ ಮತ್ತೆ ಓಡಿಸಿದ್ದರಿಂದ ಅವು ತಲೆಕೆಳಗಾಗಿದ್ದವು, ಹಿಂದುಮುಂದಾಗಿ ನಡೆಯುತ್ತಿದ್ದವು. ಮುರಿದ ಅಲಸಂದೆ ಕಾಯಿ ಮತ್ತೆ ಕೂಡಿಕೊಂಡು ಉದ್ದವಾಗುತ್ತಿತ್ತು. ಕೈಗಳು ಮರದ ನೆರಳಿನ ಮೇಲೆ ಬಿದ್ದದ್ದರಿಂದ ಉಳಿದಿವೆ. ಮುಖ ಬಿದ್ದದ್ದು ಬಿಸಿಲಿನ ಸಿಮೆಂಟಿನ ಮೇಲೆ. ಅಲ್ಲಿ ಬಿಳುಪು ಬಿಟ್ಟರೆ ಏನೂ ಇಲ್ಲ. ಒಂದೊಂದೇ ಚೌಕಟ್ಟು ನಿಲ್ಲಿಸಿ ನಿಲ್ಲಿಸಿ ನೋಡಿದೆ, ಕಣ್ಣಿನ ಒಂದು ಗೆರೆ, ಮೂಗುತಿಯ ಒಂದು ಚುಕ್ಕೆ ಎಲ್ಲಾದರೂ... ಇಲ್ಲ. ನನ್ನ ಮಗಳ ಕಾಲ ಕೆಳಗೆ ಕಮಲಕ್ಕನ ಮುಖ ಸುಟ್ಟುಹೋಗಿತ್ತು.

ಅದನ್ನು ಬಚ್ಚಿಡುವ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಮುಂದಿನ ಭಾನುವಾರ ಹೋದೆ. ಕಮಲಕ್ಕ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತರು. ತಲೆಕೆಳಗು ಮಾಡಿ ತೋರಿಸಿದೆ.

"ಇದು ನಮ್ಮನೆ ಮೊರ ಅಲ್ವಾ? ಇದು ನನ್ನ ಬಳೆ." ನನ್ನ ಕಡೆ ತಿರುಗಿದರು. "ಅಂದ್ರೆ ಅವತ್ತು ಫಿಲ್ಮ್ ಇತ್ತಾ?"

"ಇತ್ರಿ ಅಕ್ಕಾ."

"ಅಯ್ಯೋ ಶಿವನೇ, ನಾನು ಬಾಯಿಗೆ ಬಂದ ಹಾಗೆ ಬೈತಾ ಇದ್ದೆನಲ್ಲಪ್ಪಾ." ಅವರು ನಕ್ಕರು. ನೀವು ಹೋದ ಮೇಲೆ ನಾನು ಕಂಡ ಮೊದಲ ನಗು ಅದು. ಆಮೇಲೆ ಬೆರಳಿನಿಂದ ಪರದೆಯ ಮೇಲೆ ಕೈಗಳಿಂದ ತೋಳಿಗೆ, ತೋಳಿನಿಂದ ಮೇಲಕ್ಕೆ ಹುಡುಕುತ್ತಾ ಹೋದರು. "ಮುಖ ಎಲ್ಲಿ?"

ನಾನು ಬಿಳುಪನ್ನು ತೋರಿಸಿದೆ. ಡಬ್ಬಿಯ ಪಟ್ಟಿ ಅದಲು ಬದಲಾಗಿತ್ತು, ಗೊತ್ತಾಗಲಿಲ್ಲ ಎಂದೆ. ಅಷ್ಟೇ ಹೇಳಿದೆ. ಅವರು ಫ್ರಿಜ್ಜಿನ ಕಡೆ ನೋಡಿದರು.

"ಅವತ್ತು ಒರೆಸಿದೋಳು ನಾನೇ. ಪಟ್ಟಿ ಕಿತ್ತು ಬಂತು. ಎರಡೂ ಒಂದೇ ಥರ ಇತ್ತಲ್ಲ ನಜೀರಾ, ಯಾವುದು ಯಾವುದಕ್ಕೆ ಅಂತ ನಂಗೇನು ಗೊತ್ತು... ಅವರು ಇಷ್ಟು ವರ್ಷಕ್ಕೆ ಒಂದು ಸಲ ಹಿಡಿದ್ರು. ನನ್ನ ಕೈಯಾರೆ ಅಳಿಸಿಬಿಟ್ಟೆ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಯಾವುದು ಗೊತ್ತೇ? "ಇರ್ಲಿ ಬಿಡ್ರಿ ಅಕ್ಕಾ, ನೀವೇನು ಬೇಕಂತ ಮಾಡೀರೇನು?" ನಾನು ಅವರನ್ನು ಕ್ಷಮಿಸಿದೆ ಮಾಸ್ತರೇ! ತಪ್ಪು ಮಾಡಿದವನು ಎದುರಿಗೆ ಕೂತು, ಅವರು ಕೊಟ್ಟ ಕಾಫಿ ಕುಡಿಯುತ್ತಾ, ಅವರನ್ನು ಕ್ಷಮಿಸಿ ಬಂದೆ. ಇಂಥ ಶಿಷ್ಯನನ್ನು ಎಲ್ಲಿ ಹುಡುಕಿ ತಂದಿರಿ ನೀವು?

ಹೋದ ವಾರ ಮತ್ತೆ ಹೋದಾಗ ಹಜಾರದ ಕಪಾಟಿನ ಮೇಲೆ, ನಾನು ಹಿಂತಿರುಗಿಸಿದ್ದ ನಿಮ್ಮ ಕ್ಯಾಮೆರಾ ಧೂಳು ಹಿಡಿದಿತ್ತು. ಕಮಲಕ್ಕನ ಮನೆಯಲ್ಲಿ ಧೂಳು! ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ಅವರು ಬಾಗಿಲಲ್ಲೇ ನಿಂತು ನೋಡಿದರು, ಹತ್ತಿರ ಬರಲಿಲ್ಲ. "ನೀನೇ ಒರೆಸಪ್ಪಾ. ಅವರ ಸಾಮಾನು ನಾನು ಮುಟ್ಟೋಲ್ಲ. ನನ್ನ ಕೈ ಸರಿ ಇಲ್ಲ." ನಿಮ್ಮ ಅಂಗಿಗಳೂ ಹಾಗೇ ಇವೆ, ನಿಮ್ಮ ಕನ್ನಡಕವೂ ಕಿಟಕಿಯ ಅಂಚಿನಲ್ಲಿ ಹಾಗೇ ಇದೆ, ಗಾಜಿನ ಮೇಲೆ ಧೂಳು ಕೂತಿದೆ. ಕೆಳಗಿನ ಹೂವಿನಂಗಡಿಯಾಕೆಗೂ ಹೇಳಿಕೊಂಡಿದ್ದಾರೆ, ತಮ್ಮ ಕೈಯಿಂದಲೇ ಹೋಯಿತು ಎಂದು. ಆಕೆ ತಮಿಳಿನಲ್ಲಿ ನನ್ನ ಹತ್ತಿರ ಮರುಗಿದಳು. ಬೇರೆ ಫಿಲ್ಮ್ ತರಿಸಿ ಮತ್ತೆ ಹಿಡಿಯೋಣವೇ ಎಂದು ಕೇಳಿ ನೋಡಿದೆ. "ಯಾರನ್ನ ನೋಡಿ ಬೈಯಲಿ?" ಎಂದರು. ಅವರ ಮುಖ ಇಂದೂ ಇದೆ, ನಾಳೆಯೂ ಹಿಡಿಯಬಹುದು. ನಿಮ್ಮನ್ನು ನೋಡುತ್ತಿದ್ದ ಮುಖ ಇನ್ನೆಲ್ಲೂ ಇಲ್ಲ. ಆ ಫಿಲ್ಮೂ ಇಲ್ಲ, ಹಿಡಿದವರೂ ಇಲ್ಲ.

ನಿನ್ನೆ ಕಪ್ಪು ಚೀಲವನ್ನು ಹಿಂತಿರುಗಿಸಲೆಂದು ಕೊಡವಲು ಹೊರಟವನು ತಳದಲ್ಲಿ ಏನೋ ತಾಕಿದಂತಾಗಿ ಕೈ ಹಾಕಿದೆ. ನಾನು ಕತ್ತರಿಸಿದ ತುಂಡು ಅಲ್ಲೇ ಇತ್ತು. ಬೆರಳಿನಷ್ಟು ಉದ್ದ. ಹೊರಗೆ ತೆಗೆಯದೆ ಹಾಗೇ ಮುಟ್ಟಿ ನೋಡಿದೆ. ನೀವು ಉಗುರಿನಿಂದ ಎರಡು ಸಲ ಒತ್ತಿ ಮಡಚಿದ್ದೀರಿ, ಎಂದೂ ಮಾಡುವಂತೆ. ಮುರುಟಿದ ಫಿಲ್ಮ್ ಹಾಗಿರುವುದಿಲ್ಲ. ಮಡಚಿದ್ದು ಮುರುಟಿದಂತೆ ಇರುವುದೇ ಇಲ್ಲ.

ನಾಳೆ ಭಾನುವಾರ. ಚೀಲವನ್ನು ಹಾಗೇ ಕೊಂಡೊಯ್ಯುತ್ತೇನೆ. ಕಮಲಕ್ಕನನ್ನು ಕಿಟಕಿಯ ಹತ್ತಿರ ಮಣೆಯ ಮೇಲೆ ಕೂರಿಸುತ್ತೇನೆ. ಬೇಡ ಅನ್ನುತ್ತಾರೆ, ನನ್ನ ಕೈ ಸರಿ ಇಲ್ಲ ಅನ್ನುತ್ತಾರೆ, ಆದರೂ ಬಿಡುವುದಿಲ್ಲ. ಅವರ ಎರಡೂ ಕೈಗಳನ್ನು ತೋಳುಗಳೊಳಗೆ ಇಳಿಸಿ, ತಳದಲ್ಲಿರುವುದನ್ನು ಹುಡುಕಲು ಹೇಳುತ್ತೇನೆ. ಇಷ್ಟು ವರ್ಷ ಕಾಯಿ ಮುರಿದ ಬೆರಳುಗಳು, ತಕ್ಷಣ ಸಿಗುತ್ತದೆ. ಇದೇನಪ್ಪಾ ಮಡಚಿದೆಯಲ್ಲ ಎಂದು ಕೇಳುತ್ತಾರೆ, ಯಾರೂ ಹೇಳಿಕೊಡದೆಯೇ. ಆಗ ಆ ಮಡಿಕೆಯ ಅರ್ಥ ಹೇಳುತ್ತೇನೆ. ಆಮೇಲೆ ಅವರು ನನ್ನನ್ನು ಮನೆಯೊಳಗೆ ಸೇರಿಸದಿದ್ದರೂ ಸರಿಯೇ, ನಿಮ್ಮ ಕನ್ನಡಕ ಒರೆಸಿದರೆ ಸಾಕು. ಒಳಗಡೆ ಯಾರೋ ಇದ್ದಾರೆಂದು ನನ್ನ ಬೆರಳಿಗೆ ತಿಳಿದಿತ್ತು ಮಾಸ್ತರೇ. ತಿಳಿದೇ ಕತ್ತರಿಸಿದೆ.

ನಿಮ್ಮ
ನಜೀರ